ನೂಲೋ ಬೆಂಕಿಕಡ್ಡಿಯೋ

ಜುಲೈ ೧೧

ನನ್ನ ಗುಬ್ಬಿಗೆ,

ಅಮ್ಮ ಮನಸಾರೆ ಹರಸಿ ಬರೆಯುವುದು. ನಿನ್ನ ಹಡಗು ಎಷ್ಟೇ ಕುಲುಕಾಡಲಿ, ನೀನು ಹೊತ್ತಿಗೆ ಸರಿಯಾಗಿ ಉಂಡು ಗಟ್ಟಿಯಾಗಿದ್ದೀಯ ಎಂದು ನಂಬಿದ್ದೇನೆ. ಇಲ್ಲಿ ನಾನೂ ನಿನ್ನ ಅಪ್ಪನೂ ಕ್ಷೇಮ.

ಉತ್ತರ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ನಿನ್ನ ಎರಡು ಪತ್ರಗಳೂ ಒಂದೇ ದಿನ ಕೈಸೇರಿದವು. ಮೊದಲನೆಯದನ್ನು ಓದಿ ಖುಷಿಪಡುವಷ್ಟರಲ್ಲೇ, ಅದಕ್ಕೆ ಉತ್ತರ ಬರೆಯಲಿಲ್ಲವೆಂದು ಎರಡನೆಯದರಲ್ಲಿ ಬೈಸಿಕೊಂಡೆ. ಸಮುದ್ರದ ಆಳ ಅಳೆಯುವ ಕೆಲಸ ಇಷ್ಟು ಬೇಸರದ್ದೆಂದು ಗೊತ್ತಿರಲಿಲ್ಲ ಎಂದು ಬರೆದಿದ್ದೀಯಲ್ಲ, ಅದನ್ನು ಅಪ್ಪನಿಗೆ ಓದಿ ಹೇಳಿದೆ. "ಬೇಸರ ಇದ್ರೆ ಒಳ್ಳೇದೇ. ಹಡಗಿನ ಮೇಲೆ ಸ್ವಾರಸ್ಯವಾಗಿ ಏನೂ ಆಗ್ದೇ ಇರ್ಲಿ" ಎಂದರು. ಅವರದು ಎಂದಿನ ಹಾಗೆಯೇ. ಬೆಳಿಗ್ಗೆ ಸೈಕಲ್ ಹತ್ತಿ ಹೊರಟರೆ ಯಾವ ಬೀದಿಯಡಿ ಯಾವ ನೀರಿನ ಪೈಪು ಸೋರುತ್ತಿದೆ ಎಂದು ಹುಡುಕುವುದು, ಸಂಜೆ ಬೂಟಿನ ತುಂಬ ಕೆಸರು ತಂದು ನಾನು ಒರೆಸಿಟ್ಟ ನೆಲದ ಮೇಲೆ ನಿಂತು ಕಾಫಿ ಕೇಳುವುದು.

ತಡಕ್ಕೆ ಕಾರಣ ನನ್ನ ನುಸಿಗಳು. ನೀನು ಈಗ ನಿಟ್ಟುಸಿರು ಬಿಡುತ್ತೀಯ ಎಂದು ಬಲ್ಲೆ. ಆದರೆ ಈ ಸಲ ಬರೀ ಹೆಸರಿಡುವ ಕೆಲಸವಲ್ಲ. ಪಂಪುಮನೆಯ ಹಿಂದೆ ನೌಕರರ ಮನೆಗಳ ಸಾಲಿದೆಯಲ್ಲ, ಅಲ್ಲಿ ಹುಲ್ಲು ಸೊಂಟದೆತ್ತರ ಬೆಳೆದುಬಿಟ್ಟಿದೆ. ಆ ಸಾಲಿನಲ್ಲಿ ಜ್ವರ ಕಾಣಿಸಿಕೊಂಡಿದೆ. ಆಸ್ಪತ್ರೆಯವರು ಒಂದೊಂದು ದಿನ ಒಂದೊಂದು ಜ್ವರದ ಹೆಸರು ಹೇಳಿ ಔಷಧಿ ಬದಲಾಯಿಸುತ್ತಿದ್ದಾರೆ, ಇಳಿಯುತ್ತಿಲ್ಲ. ಆರೋಗ್ಯ ಇಲಾಖೆಯವರು ಹುಲ್ಲಿನಲ್ಲಿ ಇಲಿಗಳನ್ನು ಹಿಡಿಸಿ, ಅವುಗಳ ಕಿವಿಯೊಳಗಿದ್ದ ನುಸಿಮರಿಗಳನ್ನು ಸೀಸೆಯಲ್ಲಿ ಹಾಕಿ ನಮ್ಮ ವಸ್ತುಸಂಗ್ರಹಾಲಯಕ್ಕೆ ಕಳಿಸಿದರು. ಇವು ಜ್ವರ ಹರಡುವಂಥವೋ ಅಲ್ಲವೋ ತಿಳಿಸಿ ಎಂದು ಕೇಳಿದ್ದಾರೆ.

ಈ ನುಸಿಗಳ ಕುಟುಂಬದ ವಿಚಾರ ನೀನು ಚಿಕ್ಕವಳಿದ್ದಾಗ ಹೇಳಿದ್ದೆ, ಮರೆತಿರುತ್ತೀಯ. ಇನ್ನೊಮ್ಮೆ ಹೇಳುತ್ತೇನೆ, ಹೇಳಿದರೆ ನನ್ನ ತಲೆಯೂ ಸ್ವಲ್ಪ ತಿಳಿಯಾಗುತ್ತದೆ. ಇವುಗಳಲ್ಲಿ ಕಚ್ಚುವುದು ಮರಿಗಳು ಮಾತ್ರ. ದೊಡ್ಡವಾದ ಮೇಲೆ ಮಣ್ಣಿನೊಳಗೆ ಸೇರಿಕೊಂಡು ನಮ್ಮ ಗೊಡವೆಗೇ ಬರುವುದಿಲ್ಲ. ಹಾಗಾಗಿ ಕುಟುಂಬವನ್ನು ಕುಲಗಳಾಗಿ, ಕುಲಗಳನ್ನು ಪ್ರಭೇದಗಳಾಗಿ ವಿಂಗಡಿಸಿರುವುದೆಲ್ಲ ಮರಿಗಳನ್ನು ನೋಡಿಯೇ. ಎಷ್ಟೋ ಪ್ರಭೇದಗಳ ತಾಯಿತಂದೆ ಹೇಗಿರುತ್ತವೆಂದು ಇವತ್ತಿಗೂ ಕಂಡವರಿಲ್ಲ. ಮರಿಯ ಬೆನ್ನ ಮೇಲೆ ಒಂದು ಪುಟ್ಟ ಫಲಕ, ಆ ಫಲಕದಲ್ಲಿ ಎರಡು ಗುಳಿ, ಒಂದೊಂದು ಗುಳಿಯಿಂದ ಒಂದೊಂದು ಕೂದಲು. ಗಾಳಿ ಅಲುಗಾಡಿದರೆ ಅವಕ್ಕೆ ಗೊತ್ತಾಗುವುದು ಆ ಕೂದಲಿನಿಂದ. ಒಂದು ಕುಲದಲ್ಲಿ ಅದು ನೂಲಿನ ಹಾಗೆ ಸಣ್ಣಗೆ ಕೊನೆಯಾಗುತ್ತದೆ. ಇನ್ನೊಂದರಲ್ಲಿ ತುದಿ ಉಬ್ಬಿ ಬೆಂಕಿಕಡ್ಡಿಯ ತಲೆಯ ಹಾಗಿರುತ್ತದೆ. ನಾವು ನಮ್ಮನಮ್ಮಲ್ಲಿ ನೂಲಿನವು, ಕಡ್ಡಿಯವು ಎನ್ನುತ್ತೇವೆ. ಜ್ವರ ಹರಡುವುದು ನೂಲಿನ ಕುಲದ ಕೆಲವು. ಕಡ್ಡಿಯವು ಹಕ್ಕಿ, ಹಲ್ಲಿಗಳ ಮೇಲೆ ಬದುಕುತ್ತವೆ, ಮನುಷ್ಯರಿಗೆ ಅಪಾಯವಿಲ್ಲ. ಹಾಗೆಂದು ಬರೆದವರು ನನ್ನ ಮೇಷ್ಟ್ರು. ಈ ಕುಟುಂಬಕ್ಕೆ ಇಲ್ಲಿ ಇರುವುದು ಅವರದೊಂದೇ ಪುಸ್ತಕ. ನಾನು ಕೆಲಸ ಕಲಿತದ್ದೂ ಅದರಿಂದಲೇ.

ಪುಸ್ತಕದ ಪ್ರಕಾರ ಸೀಸೆಯಲ್ಲಿ ಬಂದವು ಕಡ್ಡಿಯವು. ಫಲಕದ ಆಕಾರ, ಕಾಲಿನ ಉಗುರು ಎಲ್ಲ ಹೊಂದುತ್ತದೆ. ಆದರೆ ಹಕ್ಕಿಯ ಮೇಲೆ ಇರಬೇಕಾದವು ಇಲಿಯ ಕಿವಿಯಲ್ಲಿ ಏನು ಮಾಡುತ್ತಿವೆ? ಕೂದಲು ನೋಡೋಣವೆಂದರೆ ಸೀಸೆಯಲ್ಲಿ ಅಲುಗಾಡಿ ಎಲ್ಲದರಲ್ಲೂ ಉದುರಿಹೋಗಿದೆ. ಸಂಗ್ರಹದಿಂದ ಮೇಷ್ಟ್ರ ಮೂಲ ಸ್ಲೈಡನ್ನೇ ತೆಗೆದು ನೋಡಿದೆ, ಆ ಪ್ರಭೇದಕ್ಕೆ ಹೆಸರಿಟ್ಟಾಗಿನದು. ಅದರಲ್ಲೂ ಕೂದಲಿಲ್ಲ. ಬರೀ ಗುಳಿ.

ಅದಕ್ಕೇ ನಿನ್ನೆ ಭಾನುವಾರ ತಾಜಾ ಮರಿಗಳನ್ನು ತರಲು ಹುಲ್ಲಿಗೆ ಹೋದೆವು. ನೆಲದ ಮೇಲೆ ಕಪ್ಪು ಹಲಗೆ ಇಟ್ಟು ಸ್ವಲ್ಪ ಹೊತ್ತು ಕಾದರೆ ಮರಿಗಳು ತಾವಾಗಿ ಹತ್ತುತ್ತವೆ, ಕಿತ್ತಳೆ ಬಣ್ಣದ ಧೂಳಿನ ಕಣಗಳು ನಡೆದಾಡಿದ ಹಾಗೆ. ಹಲಗೆಗಳನ್ನು ಹೊತ್ತುಕೊಂಡು ಬಂದವರು ಅಪ್ಪ. ನಾನು ಕಾಲುಚೀಲದೊಳಗೆ ಪ್ಯಾಂಟು ತುರುಕಿ, ಮೈಗೆಲ್ಲ ಔಷಧಿ ಬಳಿದುಕೊಂಡು ಹೋದರೆ, ಅವರು ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿ ಹುಲ್ಲಿನ ಮೇಲೆ ಆರಾಮವಾಗಿ ಕೂತುಬಿಟ್ಟರು. ಏಳಿ ಎಂದರೆ, "ನಿನ್ನ ಪುಸ್ತಕದ ಪ್ರಕಾರ ಇವು ಮನುಷ್ಯರ ತಂಟೆಗೆ ಬರಲ್ಲ ಅಲ್ವಾ? ನಾನೇನು ಹಲ್ಲಿನಾ?" ಎಂದರು. ಪಂಪು ಚಾಲಕನ ಹೆಂಡತಿ ನಮಗೆ ಕುಡಿಯಲು ನೀರು ತಂದುಕೊಟ್ಟು, "ಏನಮ್ಮ, ಹಲಗೆ ಬಿತ್ತಿದ್ರೆ ಬೆಳೆ ಯಾವಾಗ ಬರುತ್ತೆ?" ಎಂದು ಕೇಳಿ ತನ್ನ ಮಾತಿಗೆ ತಾನೇ ನಕ್ಕಳು. ಅವಳ ಅತ್ತೆಯೂ ಜ್ವರದಲ್ಲಿ ಮಲಗಿದ್ದಾರಂತೆ.

ಈಗ ಮರಿಗಳನ್ನು ಒಂದೊಂದಾಗಿ ಗಾಜಿನ ಮೇಲೆ ಕೂರಿಸುತ್ತಿದ್ದೇನೆ. ಉಸಿರು ಬಿಟ್ಟರೂ ಕೂದಲು ಮುರಿಯುತ್ತದೆ. "ನಮ್ಮ ಕುಟುಂಬದವರ ಕೂದಲು ಉದುರಿದ್ರೆ ಇಷ್ಟು ತಲೆ ಕೆಡಿಸ್ಕೊಳ್ಳಲ್ಲ ನೀನು" ಎಂದು ತಮ್ಮ ಬೋಳು ತಲೆ ಸವರಿಕೊಂಡರು ನಿನ್ನ ಅಪ್ಪ.

ಹುಷಾರಾಗಿರು. ಹಡಗಿನ ಅಂಚಿನಲ್ಲಿ ನಿಂತು ಫೋಟೋ ತೆಗೆಸಿಕೊಳ್ಳಬೇಡ.

ನಿನ್ನ ಅಮ್ಮ

ಜುಲೈ ೨೨

ಗುಬ್ಬಿ ಮರೀ,

ಆಶೀರ್ವಾದ. ಹಿಂದಿನ ಪತ್ರ ನಿನಗೆ ತಲುಪಿತೋ ಇಲ್ಲವೋ ತಿಳಿಯದೆ ಇದನ್ನು ಬರೆಯುತ್ತಿದ್ದೇನೆ. ಅಕ್ಷರ ಓರೆಕೋರೆಯಾಗಿದ್ದರೆ ಕ್ಷಮಿಸು.

ಪಂಪು ಚಾಲಕನ ಹೆಂಡತಿ ತೀರಿಹೋದಳು. ನೀರು ತಂದುಕೊಟ್ಟವಳು. ಅತ್ತೆ ಹೇಗೋ ಬದುಕಿಕೊಂಡರು, ಸೊಸೆ ಹೋದಳು. ನಾನು ಹೋಗಿ ಬಂದೆ. ಮನೆಯ ಮುಂದೆ ಜನ ನಿಂತಿದ್ದರು, ಅವರ ಕಾಲ ಬುಡದಲ್ಲೇ ಆ ಹುಲ್ಲು. ನನಗೆ ಎಲ್ಲರನ್ನೂ ಕೈಹಿಡಿದು ಈಚೆ ಎಳೆಯಬೇಕೆನ್ನಿಸಿತು. ಏನೆಂದು ಹೇಳಿ ಎಳೆಯಲಿ? ನನಗೇ ಖಚಿತವಿಲ್ಲ.

ಆದದ್ದನ್ನು ಹೇಳುತ್ತೇನೆ. ತಂದ ಮರಿಗಳಲ್ಲಿ ಎರಡು ಸ್ಲೈಡುಗಳಲ್ಲಿ ಮಾತ್ರ ಕೂದಲು ಪೂರ್ತಿ ಉಳಿದಿತ್ತು. ಎರಡರಲ್ಲೂ ನೂಲು. ತುದಿಯಲ್ಲಿ ಉಬ್ಬಿನ ಸುಳಿವೇ ಇಲ್ಲ. ನೋಡಿದ ತಕ್ಷಣ ಕುರ್ಚಿಯಿಂದ ಎದ್ದು ಕಿಟಕಿಯ ಬಳಿ ಹೋಗಿ ನಿಂತೆ. ಆಮೇಲೆ ಬಂದು ಮತ್ತೆ ನೋಡಿದೆ. ನೂಲೇ. ಹಾಗಿದ್ದರೆ ಈ ಪ್ರಭೇದ ಇಷ್ಟು ವರ್ಷ ತಪ್ಪು ಕುಲದಲ್ಲಿ ಕೂತಿದೆ. ಅದು ಸೇರಬೇಕಾದದ್ದು ಜ್ವರ ಹರಡುವವುಗಳ ಸಾಲಿಗೆ.

ಆರೋಗ್ಯಾಧಿಕಾರಿಗೆ ಫೋನ್ ಮಾಡಿದೆ. ಒಳ್ಳೆಯ ಮನುಷ್ಯನೇ, ಆದರೆ ಕಾಗದದ ಮನುಷ್ಯ. "ಮೇಡಂ, ಪುಸ್ತಕದಲ್ಲಿ ಅಪಾಯವಿಲ್ಲ ಅಂತಿದೆ. ನೀವು ಇದ್ರೂ ಇರಬಹುದು ಅಂತೀರಿ. ಇದ್ರೂ ಇರಬಹುದು ಅಂತ ನಾನು ಎಲ್ಲಾ ಆಸ್ಪತ್ರೆಗೂ ಸುತ್ತೋಲೆ ಕಳ್ಸೋಕಾಗುತ್ತಾ? ಪುಸ್ತಕ ಬರೆದವರು ಇದಾರಲ್ಲ, ಅವರು ಒಂದು ಮಾತು ಹೇಳ್ಲಿ, ಇವತ್ತೇ ಕಳಿಸ್ತೀನಿ" ಎಂದರು.

ಹಾಗಾಗಿ ಮೇಷ್ಟ್ರ ಮನೆಗೆ ಹೋದೆ. ಪರೀಕ್ಷೆಗೆ ಹೋಗುವ ಹುಡುಗಿಯ ಹಾಗೆ ದಾರಿಯುದ್ದಕ್ಕೂ ಹೇಳಬೇಕಾದದ್ದನ್ನು ಬಾಯಿಪಾಠ ಮಾಡಿಕೊಂಡೆ. ಈಗ ಅವರಿಗೆ ಎಂಬತ್ತು ದಾಟಿದೆ, ಬೆನ್ನು ಮಾತ್ರ ಇನ್ನೂ ನೆಟ್ಟಗೆ. ಪುಸ್ತಕದ ಕಪಾಟಿನ ಪಕ್ಕ ಕೂತು ದ್ರಾಕ್ಷಿ ತಿನ್ನುತ್ತಿದ್ದರು. ನಾನು ಹೇಳಿದ್ದನ್ನೆಲ್ಲ ಕೇಳಿ, ತಟ್ಟೆಯನ್ನು ದೂರ ಸರಿಸಿದರು.

"ಎಷ್ಟು ಸ್ಲೈಡಲ್ಲಿ ನೋಡಿದೆ?"

"ಎರಡು, ಮೇಷ್ಟ್ರೇ."

"ಎರಡು ಸ್ಲೈಡು ನೋಡಿ ಒಂದು ಪ್ರಭೇದನ ಎತ್ತಿ ಇನ್ನೊಬ್ಬರ ಮನೆಗೆ ಹಾಕ್ತೀಯಾ?"

"ನಿಮ್ಮ ಮೂಲ ಸ್ಲೈಡಲ್ಲಿ ಕೂದಲೇ ಇಲ್ವಲ್ಲ ಮೇಷ್ಟ್ರೇ. ಗುಳಿ ಮಾತ್ರ ಇದೆ."

ಅವರು ಕಪಾಟಿನಲ್ಲಿದ್ದ ತಮ್ಮ ಪುಸ್ತಕದ ಕಡೆ ನೋಡಿದರು. ಒಳಗೆ ಅವರ ಸೊಸೆ ಕುಕ್ಕರ್ ಇಳಿಸಿದ ಸದ್ದು ಕೇಳಿಸಿತು.

"ಉದುರಿತ್ತು" ಎಂದರು. "ಒಂದರಲ್ಲೂ ಉಳಿದಿರ್ಲಿಲ್ಲ. ಫಲಕದ ಆಕಾರ ನೋಡಿ, ಮೈಮೇಲಿನ ಬೇರೆ ಕೂದಲು ಎಲ್ಲೆಲ್ಲಿವೆ ಅಂತ ನೋಡಿ ಕಡ್ಡಿ ಕುಲಕ್ಕೆ ಸೇರಿಸ್ದೆ. ಆಗ ಅದೇ ಸರಿ ಕಾಣ್ತು. ಈಗ ಅದು ತಪ್ಪು ಅಂತ ಹೇಗೆ ಹೇಳ್ತೀಯ? ಆ ಹುಲ್ಲಲ್ಲಿ ಎರಡು ಪ್ರಭೇದ ಬೆರೆತಿರಬಹುದು. ನಿನ್ನ ಕಣ್ಣಿಗೆ ಬಿದ್ದಿದ್ದು ಬೇರೇದೇ ಇರಬಹುದು. ಇನ್ನೂ ತಗೊಂಡು ಬಾ."

"ಅಲ್ಲಿ ಜನ ಸಾಯ್ತಿದಾರೆ ಮೇಷ್ಟ್ರೇ."

"ತಪ್ಪು ನುಸಿ ಹಿಡ್ಕೊಂಡು ಕೂತ್ರೆ ಸಾಯೋದು ನಿಲ್ಲುತ್ತಾ? ಬೇರೆ ಏನೋ ಜ್ವರ ಆಗಿದ್ರೆ?"

ಗುಬ್ಬಿ, ಅವರು ಹಠಕ್ಕೆ ಹೇಳಿದ್ದರೆ ನನಗೆ ಸಿಟ್ಟಾದರೂ ಬರುತ್ತಿತ್ತು. ಅವರು ಹೇಳಿದ್ದು ನ್ಯಾಯವಾಗಿಯೇ ಇತ್ತು. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಕೇಳುತ್ತಿದ್ದೆ. ಮೆಟ್ಟಿಲಿಳಿಯುವಾಗ ನನ್ನ ಕಣ್ಣಿನ ಮೇಲೆಯೇ ನನಗೆ ಅನುಮಾನ ಬಂತು. ಎರಡು ಕೂದಲು. ಅಷ್ಟನ್ನು ಹಿಡಿದುಕೊಂಡು ಊರೆಲ್ಲ ಕೂಗಾಡುತ್ತಿದ್ದೇನೆಯೇ? ಸುಮ್ಮನಿದ್ದುಬಿಟ್ಟು, ಕೊನೆಗೆ ಅದು ನಿಜವೇ ಆದರೆ? ಅನ್ನ ಸೇರುತ್ತಿಲ್ಲ. ಕುಕ್ಕರ್ ಎಷ್ಟು ಸಲ ಕೂಗಿತೆಂದೇ ಮರೆತು ಮೊನ್ನೆ ತಳ ಹಿಡಿಸಿದೆ.

ಈ ಭಾನುವಾರ ಮತ್ತೆ ಹುಲ್ಲಿಗೆ ಹೋಗುತ್ತೇನೆ, ಒಬ್ಬಳೇ. ಅಪ್ಪನನ್ನು ಕರೆದೊಯ್ಯುವುದಿಲ್ಲ. ಅವರಿಗೆ ನಿನ್ನೆಯಿಂದ ಮೈ ಬೆಚ್ಚಗಿದೆ, ತಲೆನೋವು. "ಮಳೇಲಿ ನೆನೆದಿದ್ದು, ಅಷ್ಟೇ" ಎನ್ನುತ್ತಾರೆ. ಮಳೆಯಲ್ಲಿ ನೆನೆದದ್ದು ನಿಜ. ಮೈಮೇಲೆ ಎಲ್ಲಾದರೂ ನುಸಿ ಕಚ್ಚಿದ ಕಪ್ಪು ಕಲೆ ಇದೆಯೇ ನೋಡುತ್ತೇನೆಂದು ಅಂಗಿ ಎತ್ತಲು ಹೋದರೆ, "ನಾನೇನು ನಿನ್ನ ಸ್ಲೈಡಾ?" ಎಂದು ಗದರಿ ಗೋಡೆ ಕಡೆ ತಿರುಗಿ ಮಲಗಿದರು. ಬೆನ್ನು, ತೋಳು ನೋಡಿದ್ದೇನೆ, ಏನೂ ಇಲ್ಲ. ಸಾಮಾನ್ಯ ಜ್ವರವೇ ಇರಬೇಕು. ನೀನು ಗಾಬರಿಯಾಗಬೇಡ.

ಹಡಗಿನ ಕಚೇರಿಯ ಮೂಲಕ ನಿನಗೆ ಸಂದೇಶ ಕಳಿಸಲೇ ಎಂದು ಒಂದು ಮನಸ್ಸು ಹೇಳಿತು. "ಮಗು ಅಲ್ಲಿಂದ ಏನ್ ಈಜ್ಕೊಂಡು ಬರುತ್ತಾ?" ಎಂದರು ಅಪ್ಪ. ಕಳಿಸಲಿಲ್ಲ.

ಅಮ್ಮ

ಜುಲೈ ೨೭

ಗುಬ್ಬಿ,

ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಈ ಪತ್ರ ನಿನಗೆ ಯಾವ ಬಂದರಿನಲ್ಲಿ ಸಿಗುತ್ತದೋ, ಅಷ್ಟರಲ್ಲಿ ಇಲ್ಲಿ ಏನಾಗಿರುತ್ತದೋ. ಬರೆಯದಿದ್ದರೆ ಕೈಗೆ ಬೇರೆ ಕೆಲಸವಿಲ್ಲ.

ಅಪ್ಪನನ್ನು ಸೇರಿಸಿದ್ದೇವೆ. ಜ್ವರ ಏರುತ್ತಲೇ ಹೋಯಿತು. ಮೂರು ದಿನದಿಂದ ಸರಿಯಾಗಿ ಮಾತಿಲ್ಲ, ಮಂಪರು. ವಾರ್ಡಿನಲ್ಲಿ ಆಗಲೇ ಪಂಪುಮನೆ ಸಾಲಿನವರು ಇಬ್ಬರಿದ್ದಾರೆ.

ಇವತ್ತು ಬೆಳಿಗ್ಗೆ ಒದ್ದೆ ಬಟ್ಟೆಯಿಂದ ಮೈ ಒರೆಸುತ್ತಿದ್ದೆ. ಮಂಪರಿನಲ್ಲಿದ್ದುದರಿಂದ ಗದರಲಿಲ್ಲ, ಇಷ್ಟು ವರ್ಷದಲ್ಲಿ ಅವರು ಗದರಲಿ ಎಂದು ನಾನು ಬಯಸಿದ್ದು ಇದೇ ಮೊದಲು. ಬಲಗಾಲಿನ ಮೊಣಕಾಲ ಹಿಂದೆ, ಮಡಿಕೆಯ ಒಳಗೆ, ಒಂದು ಕಪ್ಪು ಹಕ್ಕಳೆ. ಯಾರೋ ಸಿಗರೇಟು ಒತ್ತಿ ಆರಿಸಿದ ಹಾಗೆ. ನೋವಿಲ್ಲ, ತುರಿಕೆಯಿಲ್ಲ, ಅದಕ್ಕೇ ಅವರಿಗೂ ಗೊತ್ತಾಗಿಲ್ಲ. ನೂಲಿನ ಕುಲದ ಮರಿ ಕಚ್ಚಿ ಆ ಜ್ವರ ಅಂಟಿದಾಗ ಆಗುವ ಕಲೆ ಅದು. ಚಿತ್ರದಲ್ಲಿ ಎಷ್ಟೋ ಸಲ ನೋಡಿದ್ದೆ.

ಡಾಕ್ಟರಮ್ಮನನ್ನು ಹುಡುಕಿಕೊಂಡು ಓಡಿದೆ. ನಿನ್ನದೇ ವಯಸ್ಸಿನ ಹುಡುಗಿ, ಎರಡು ವಾರ್ಡು ಒಬ್ಬಳೇ ನೋಡುತ್ತಿದ್ದಾಳೆ, ಕಣ್ಣ ಕೆಳಗೆ ಕಪ್ಪಾಗಿದೆ. ಬಂದು ಕಲೆ ನೋಡಿದಳು.

"ನೋಡಿದ್ರೆ ಹಾಗೇ ಕಾಣುತ್ತೆ, ಮೇಡಂ. ಆದ್ರೆ ಈ ಊರಲ್ಲಿ ಆ ಜ್ವರ ಇಲ್ಲ. ಇಲ್ಲಿರೋ ನುಸಿ ಅದನ್ನ ಹರಡಲ್ಲ ಅಂತ ಇಲಾಖೆಯವರೇ ತಿಳಿಸಿದಾರೆ. ನಿಮ್ಮ ಸಂಗ್ರಹಾಲಯದ ಪುಸ್ತಕ ನೋಡಿಯೇ ಹೇಳಿದ್ದಂತೆ."

"ಪುಸ್ತಕ ತಪ್ಪು" ಎಂದೆ.

ಗುಬ್ಬಿ, ಆ ಎರಡು ಪದ ನಾನು ಅಲ್ಲಿಯವರೆಗೆ ಮನಸ್ಸಿನಲ್ಲೂ ಹೇಳಿಕೊಂಡಿರಲಿಲ್ಲ. ನಾಲಿಗೆ ತಾನಾಗಿ ಆಡಿಬಿಟ್ಟಿತು.

ಅವಳು ನನ್ನ ಮುಖವನ್ನೇ ನೋಡಿದಳು. "ನಾನು ಔಷಧಿ ಬದಲಾಯಿಸಿದ್ರೆ ಮೇಲಿನವರು ಕಾರಣ ಕೇಳ್ತಾರೆ. ಬರ್ದು ಕೊಡ್ತೀರಾ?"

ಕೊಟ್ಟೆ. ಅವಳ ಹತ್ತಿರವಿದ್ದ ಕಾಗದದ ಮೇಲೆ, ಈ ಪ್ರಭೇದ ಇಲ್ಲಿಯವರೆಗೆ ತಿಳಿದಂತೆ ಇಂಥ ಕುಲದ್ದಲ್ಲ, ಇಂಥ ಕುಲದ್ದು, ಜ್ವರ ಹರಡಬಲ್ಲದು ಎಂದು ಬರೆದು ಸಹಿ ಹಾಕಿದೆ. ರಕ್ತದೊತ್ತಡ ಬರೆಯುವ ಹಾಳೆಯ ಬೆನ್ನಲ್ಲಿ ನುಸಿಯ ಕುಲ ಬದಲಾಯಿಸಿದವಳು ಈ ಲೋಕದಲ್ಲಿ ಬಹುಶಃ ನಾನೊಬ್ಬಳೇ. ಸುಳ್ಳಾದರೆ ಸರಿಯಾದ ಔಷಧಿ ತಪ್ಪಿಸಿದವಳು ನಾನಾಗುತ್ತೇನೆ, ಅದೂ ಯಾರಿಗೆ.

ಮಾತ್ರೆ ಶುರುವಾಗಿದೆ. ಎಲ್ಲ ಔಷಧಿ ಅಂಗಡಿಯಲ್ಲೂ ಸಿಗುವ ಸಾಮಾನ್ಯ ಮಾತ್ರೆ. ಪಕ್ಕದ ಇಬ್ಬರ ಮೈಯನ್ನೂ ಹುಡುಕಿದೆವು. ಒಬ್ಬರಿಗೆ ಕಂಕುಳಲ್ಲಿ ಸಿಕ್ಕಿತು.

ಭಾನುವಾರ ತಂದ ಹೊಸ ಮರಿಗಳ ಸ್ಲೈಡುಗಳು ಮ್ಯೂಸಿಯಮ್ಮಿನ ಒಣಪೆಟ್ಟಿಗೆಯಲ್ಲೇ ಇವೆ. ನೋಡಲು ಹೋಗಿಲ್ಲ. ಅಪ್ಪನ ಪಕ್ಕದಿಂದ ಏಳಲು ಮನಸ್ಸಾಗುತ್ತಿಲ್ಲ. ಥರ್ಮಾಮೀಟರು ಇಟ್ಟಾಗಲೆಲ್ಲ ಬೇರೆ ಕಡೆ ನೋಡುತ್ತೇನೆ.

ನಿನ್ನ ಅಮ್ಮ

ಆಗಸ್ಟ್ ೧೯

ನನ್ನ ಮುದ್ದು ಗುಬ್ಬಿಗೆ,

ಮೊದಲು ಇದನ್ನು ಓದು: ಅಪ್ಪ ಮನೆಗೆ ಬಂದಿದ್ದಾರೆ. ಜ್ವರ ಪೂರ್ತಿ ಬಿಟ್ಟಿದೆ. ಈಗ ವರಾಂಡದಲ್ಲಿ ಕಾಲು ಚಾಚಿ ಕೂತು ಬಟಾಣಿ ಸುಲಿಯುತ್ತಿದ್ದಾರೆ, ಸುಲಿದದ್ದರಲ್ಲಿ ಅರ್ಧ ಬಾಯಿಗೆ ಹೋಗುತ್ತಿದೆ.

ಇಷ್ಟು ದಿನ ಬರೆಯದೆ ನಿನ್ನನ್ನು ಆತಂಕದಲ್ಲಿ ಬಿಟ್ಟೆ. ಆಸ್ಪತ್ರೆಯಿಂದ ಬರೆದ ಪತ್ರವನ್ನು ಅಂಚೆಗೆ ಹಾಕಿದ ಮೇಲೆ ಯಾಕಾದರೂ ಹಾಕಿದೆನೋ ಎಂದು ಪೆಟ್ಟಿಗೆಯ ಮುಂದೆ ನಿಂತುಕೊಂಡೆ. ನೀನು ಕಳಿಸಿದ ತುರ್ತು ಸಂದೇಶ ಬಂತು. ಹಡಗು ದಂಡೆಗೆ ಬಂದ ಕೂಡಲೇ ರಜೆ ಹಾಕಿ ಬರುತ್ತೇನೆಂದಿದ್ದೀಯ. ಬಾ, ಬೇಡ ಎನ್ನುವುದಿಲ್ಲ.

ಮಾತ್ರೆ ಶುರುಮಾಡಿದ ಮಾರನೆಯ ದಿನವೇ ಜ್ವರ ಇಳಿಯತೊಡಗಿತು. ನನಗೆ ನಂಬಿಕೆಯೇ ಬರಲಿಲ್ಲ. ದಾದಿಯ ಕೈಯಿಂದ ಥರ್ಮಾಮೀಟರು ಕಿತ್ತುಕೊಂಡು ನಾನೇ ನೋಡಿದೆ. ಡಾಕ್ಟರಮ್ಮ ಬಂದು ನೋಡಿ, ನನ್ನ ಪಕ್ಕದ ಬೆಂಚಿನ ಮೇಲೆ ಕೂತುಬಿಟ್ಟಳು. ಅದೇ ಮಾತ್ರೆ ತೆಗೆದುಕೊಂಡ ಪಕ್ಕದ ಇಬ್ಬರೂ ಚೇತರಿಸಿಕೊಂಡರು.

ಆದರೂ ಮಾತ್ರೆ ಕೆಲಸ ಮಾಡಿತೆಂದ ಮಾತ್ರಕ್ಕೆ ನುಸಿಯ ಕುಲ ತೀರ್ಮಾನವಾಗುವುದಿಲ್ಲ. ಆರೋಗ್ಯಾಧಿಕಾರಿ ಇನ್ನೂ ಪುಸ್ತಕದ ಮಾತನ್ನೇ ಆಡುತ್ತಿದ್ದರು. ಅಪ್ಪ ಕಣ್ಣು ಬಿಟ್ಟು ಗಂಜಿ ಕುಡಿದ ದಿನ ನಾನು ಮ್ಯೂಸಿಯಮ್ಮಿಗೆ ಹೋದೆ. ನೋಡಿದರೆ ನನ್ನ ಕೋಣೆಯಲ್ಲಿ, ನನ್ನ ಕುರ್ಚಿಯಲ್ಲಿ, ಮೇಷ್ಟ್ರು ಕೂತಿದ್ದಾರೆ. ಕೋಲು ಮೇಜಿಗೆ ಒರಗಿಸಿದ್ದಾರೆ. ಯಾರೋ ಅಪ್ಪನ ಸುದ್ದಿ ಮುಟ್ಟಿಸಿದ್ದಾರೆ. ಆಟೋ ಮಾಡಿಸಿಕೊಂಡು ಒಬ್ಬರೇ ಬಂದಿದ್ದಾರೆ.

"ಹೇಗಿದಾನೆ ನಿನ್ನ ಯಜಮಾನ?" ಎಂದರು.

"ಪರವಾಗಿಲ್ಲ ಮೇಷ್ಟ್ರೇ. ಗಂಜಿ ಕುಡಿದ್ರು."

"ಭಾನುವಾರ ತಂದಿದ್ದು ಎಲ್ಲಿ?"

ಒಣಪೆಟ್ಟಿಗೆಯಿಂದ ತಟ್ಟೆ ತೆಗೆದು ಮುಂದಿಟ್ಟೆ. ನ್ಯಾಯವಾಗಿ ಮೊದಲು ನಾನು ನೋಡಬೇಕಿತ್ತು. ಅವರು ಕನ್ನಡಕ ತೆಗೆದು, ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಒಂದೊಂದನ್ನೇ ನೋಡುತ್ತ ಹೋದರು. ಕೈ ನಡುಗುವುದರಿಂದ ಸ್ಲೈಡು ಸರಿಸುವ ಕೆಲಸ ನನ್ನದು, ನೋಡುವುದು ಅವರದು. ಕೂದಲು ಮುರಿದದ್ದು ಬಂದರೆ "ಇದಿಲ್ಲ, ತೆಗಿ" ಎನ್ನುವರು. ಪೂರ್ತಿ ಉಳಿದದ್ದು ಬಂದರೆ ಬಹಳ ಹೊತ್ತು ನೋಡುವರು. ನಾನು ಅವರ ಬೆನ್ನ ಹಿಂದೆ ಸೆರಗಿನ ತುದಿ ಹಿಂಡುತ್ತ ನಿಂತಿದ್ದೆ. ಬೆರೆತಿರುವ ಇನ್ನೊಂದು ಪ್ರಭೇದ ಎಲ್ಲಿ ಬಂದುಬಿಡುತ್ತದೋ, ಎಲ್ಲಿ ಒಂದು ಬೆಂಕಿಕಡ್ಡಿ ತಲೆ ಕಾಣಿಸಿಬಿಡುತ್ತದೋ ಎಂದು.

ಕೊನೆಯದನ್ನು ನೋಡಿ ಕಣ್ಣು ತೆಗೆದರು. ಕಣ್ಣಲ್ಲಿ ನೀರಿತ್ತು, ಅಷ್ಟು ಹೊತ್ತು ನೋಡಿದರೆ ಯಾರ ಕಣ್ಣಲ್ಲೂ ಬರುತ್ತದೆ.

"ನೂಲು" ಎಂದರು. "ಎಲ್ಲಾ ನೂಲೇ. ಬೆರಕೆ ಏನೂ ಇಲ್ಲ." ಕನ್ನಡಕ ಹಾಕಿಕೊಂಡು, "ಆ ಹೆಣ್ಣುಮಗಳು, ನೀರು ಕೊಟ್ಟಳು ಅಂದ್ಯಲ್ಲ, ಅವಳ ವಯಸ್ಸೆಷ್ಟು?" ಎಂದು ಕೇಳಿದರು. ಹೇಳಿದೆ. ಕೋಲಿನ ಹಿಡಿಯನ್ನು ಸವರುತ್ತ ಕೂತರು.

ಆಮೇಲೆ ನನ್ನ ಮೇಜಿನ ಫೋನಿನಿಂದ ಆರೋಗ್ಯಾಧಿಕಾರಿಗೆ ಅವರೇ ಮಾತಾಡಿದರು. "ನಾನು ಬರೆದ ಪುಸ್ತಕದಲ್ಲಿ ಆ ಪ್ರಭೇದದ ಜಾಗ ತಪ್ಪಾಗಿದೆ. ಈಗ ಸರಿ ಮಾಡ್ತಿದೀವಿ. ನಾವು ಪುಟ ತಿದ್ದೋ ತನಕ ನೀವು ಕಾಯಬೇಡಿ" ಎಂದರು. ಅವತ್ತೇ ಸುತ್ತೋಲೆ ಹೋಯಿತು. ಮರುದಿನ ಹುಲ್ಲು ಕತ್ತರಿಸುವ ಯಂತ್ರ ಬಂತು. ಪಂಪು ಚಾಲಕ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ನಾನು ಹತ್ತಿರ ಹೋಗಿ ಏನೋ ಹೇಳಲು ಬಾಯಿ ತೆರೆದೆ. ಅವನು "ಗೊತ್ತಾಯ್ತಮ್ಮ" ಎಂದು ಒಳಗೆ ಹೋದ. ಆ ಮನೆಗೆ ಈ ಸುದ್ದಿಯಿಂದ ಆಗಬೇಕಾದದ್ದು ಏನಿತ್ತು?

ಈಗ ಅಚ್ಚಿಗೆ ಕಳಿಸುವ ತಿದ್ದುಪಡಿಯನ್ನು ನಾವಿಬ್ಬರೂ ಕೂತು ಬರೆದಿದ್ದೇವೆ. ನಮ್ಮಲ್ಲಿ ಒಂದು ನಿಯಮವಿದೆ. ಪ್ರಭೇದವನ್ನು ಒಂದು ಕುಲದಿಂದ ಇನ್ನೊಂದಕ್ಕೆ ಸಾಗಿಸಿದರೆ, ಮೊದಲು ಅದಕ್ಕೆ ಹೆಸರಿಟ್ಟವರ ಹೆಸರನ್ನು ಬ್ರಾಕೆಟ್ಟಿನೊಳಗೆ ಹಾಕಬೇಕು. ಹಾಗೆ ಬರೆಯುವಾಗ ನನಗೆ ತೀರಾ ಮುಜುಗರವಾಯಿತು. ಮೇಷ್ಟ್ರು ಕಾಗದವನ್ನು ಕಣ್ಣಿನ ಹತ್ತಿರ ಹಿಡಿದು, "ಎರಡೂ ಕಡೆ ಗೋಡೆ ಕಟ್ಟಿ ಒಳಗೆ ಕೂರಿಸಿಬಿಟ್ಟೆ ನನ್ನ. ಈ ವಯಸ್ಸಿಗೆ ಗಾಳಿ ಕಡಿಮೆ ಇದ್ರೆ ಒಳ್ಳೇದೇ, ಬಿಡು" ಎಂದರು. ಇಬ್ಬರೂ ನಕ್ಕೆವು. ನಗುತ್ತಿದ್ದಂತೆ ನನಗೆ ಅಳು ಬಂದುಬಿಟ್ಟಿತು. ಅವರು ಕಿಟಕಿಯ ಕಡೆ ನೋಡುತ್ತ, ನಾನು ಸುಧಾರಿಸಿಕೊಳ್ಳುವವರೆಗೂ ಕಾದರು.

ಇಷ್ಟೇ ಸಮಾಚಾರ. ನಿನ್ನ ಕೋಣೆ ಗುಡಿಸಿ ಹಾಸಿಗೆ ಬಿಸಿಲಿಗೆ ಹಾಕಿದ್ದೇನೆ. ಎಲ್ಲಿದ್ದರೂ ಚೆನ್ನಾಗಿರು, ನಿನ್ನ ಕಾಲಡಿಯ ನೀರು ಶಾಂತವಾಗಿರಲಿ, ನೀನು ಇಳಿಯುವ ದಂಡೆ ಗಟ್ಟಿಯಾಗಿರಲಿ. ನಮ್ಮಿಬ್ಬರ ಹಾರೈಕೆ ಸದಾ ನಿನ್ನ ಮೇಲಿದೆ.

ನಿನ್ನನ್ನು ಕಾಯುತ್ತಿರುವ
ಅಮ್ಮ

ಮತ್ತೆ: ಮರೆತದ್ದೆಂದು ಇದನ್ನು ಕೆಳಗೆ ಬರೆಯುತ್ತಿಲ್ಲ, ಗುಬ್ಬಿ. ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಅಪ್ಪನಿಗೆ ಕಿವಿ ಕೇಳಿಸುತ್ತಿಲ್ಲ. ಈ ಜ್ವರ ಕೆಲವರಿಗೆ ಹಾಗೆ ಮಾಡುತ್ತದಂತೆ. ಆಸ್ಪತ್ರೆಯಲ್ಲಿ ಕರೆದರೆ ತಿರುಗದಿದ್ದಾಗ ನಾನು ಮಂಪರೆಂದುಕೊಂಡಿದ್ದೆ. ಮನೆಗೆ ಬಂದ ಮೇಲೂ ಅವರು ಹೇಳಲಿಲ್ಲ. ನಾನು ಏನು ಕೇಳಿದರೂ "ಹೂಂ, ಹೂಂ" ಎನ್ನುತ್ತಿದ್ದರು. ಒಂದು ಬೆಳಿಗ್ಗೆ ಕಿಟಕಿಯಿಂದ ನೋಡಿದೆ. ಕೆಲಸದ ಕಬ್ಬಿಣದ ಸರಳನ್ನು ತೆಗೆದುಕೊಂಡು ಹೋಗಿ, ಮನೆಯ ಮುಂದಿನ ರಸ್ತೆಗೆ ಊರಿ, ಮೇಲಿನ ತುದಿಗೆ ಕಿವಿಯಿಟ್ಟು ನಿಂತಿದ್ದರು. ನೆಲದಡಿ ನೀರು ಸೋರುವ ಸದ್ದನ್ನು ಅವರು ಹಾಗೆಯೇ ಅಲ್ಲವೇ ಹಿಡಿಯುತ್ತಿದ್ದುದು. ಒಂದು ಕಿವಿ ಇಟ್ಟರು, ಇನ್ನೊಂದು ಇಟ್ಟರು, ಎರಡು ಹೆಜ್ಜೆ ಸರಿದು ಮತ್ತೆ ಇಟ್ಟರು. ಒಳಗೆ ಬಂದು ಸರಳನ್ನು ಒರೆಸಿ ಕಪಾಟಿನ ಮೇಲೆ ಮಲಗಿಸಿದರು. ಒಂದಿಷ್ಟು ವಾಪಸು ಬಂದರೂ ಬರಬಹುದು, ಬರದೆಯೂ ಇರಬಹುದು, ಈಗಲೇ ಏನೂ ಹೇಳುವ ಹಾಗಿಲ್ಲ ಎನ್ನುತ್ತಾರೆ ಡಾಕ್ಟರು. ನಿನಗೆ ಹೇಳಬಾರದೆಂದು ನನ್ನ ಕೈಹಿಡಿದು ಕೇಳಿಕೊಂಡಿದ್ದಾರೆ, ಆದರೂ ಹೇಳುತ್ತಿದ್ದೇನೆ. ನೀನು ಬಂದು ಬಾಗಿಲಲ್ಲೇ ಎಂದಿನ ಹಾಗೆ "ಅಪ್ಪಾ" ಎಂದು ಕೂಗಿ, ಅವರು ತಿರುಗದೇ ಇರುವುದನ್ನು ನಾನು ನೋಡಲಾರೆ. ಎದುರಿಗೆ ಹೋಗಿ ನಿಂತುಕೋ, ಮುಖ ಕಾಣುವ ಹಾಗೆ ನಿಧಾನವಾಗಿ ಮಾತಾಡು. ನಿನ್ನೆ ಬಟ್ಟೆ ಮಡಚುತ್ತಿದ್ದಾಗ ಇದ್ದಕ್ಕಿದ್ದಂತೆ, ತಮ್ಮ ದನಿ ಎಷ್ಟು ಜೋರಾಗಿದೆಯೆಂದು ತಿಳಿಯದೆ, ನನ್ನನ್ನು ಕೇಳಿದರು: "ಗುಬ್ಬಿ ನಗೋಕೆ ಮುಂಚೆ ಒಂದು ಸಲ ಉಸಿರು ಎಳ್ಕೊಳ್ತಾಳಲ್ಲ, ಆ ಸದ್ದು ನಿನಗೆ ನೆನಪಿದೆಯಾ?" ನೆನಪಿದೆ ಎಂದೆ. ಅವರು ಇನ್ನೂ ಕಾಯುತ್ತಲೇ ಇದ್ದರು. ಆಮೇಲೆ ತಲೆಯಾಡಿಸಿದೆ.